ತುದಿಯ ಬಿರಡೆ

ನಾನು ಹೇಳಬೇಕಾಗಿದ್ದ ಒಂದು ಮಾತನ್ನು ಹೇಳಲಿಲ್ಲ. ಹೇಳಿದ್ದರೆ ನನ್ನ ತಮ್ಮ ಮಾನಪ್ಪನ ಹೆಸರು ಉಳಿಯುತ್ತಿತ್ತು. ಅವನು ಮಾಡದ ತಪ್ಪನ್ನು ಅವನ ತಲೆಗೆ ಕಟ್ಟಿದ ದಿನ ನಾನು ಅವನ ಎದುರಿಗೇ ನಿಂತಿದ್ದೆ. ನನಗೆ ಅನುಮಾನವಿತ್ತು, ಬಾಯಿ ಬಿಡಲಿಲ್ಲ. ಒಂದು ವರ್ಷದ ಮೇಲೆ ಅನುಮಾನ ಹೋಗಿ ಖಾತ್ರಿಯಾಯಿತು, ಆಗಲೂ ಬಿಡಲಿಲ್ಲ. ಕಂಪ್ಯೂಟರ್ ರಿಪೇರಿಗೆ ಹೊಸದಾಗಿ ಬರುವವರು ಕೆಲವರು, ನಿಮ್ಮ ಕಾಲದ ಕೆಲಸ ಹೇಗಿತ್ತು ಬರೆದುಕೊಡಿ ಎಂದು ಕೇಳಿದ್ದಾರೆ. ಬರೆಯುತ್ತೇನೆ. ಆದರೆ ಇದನ್ನು ಮೊದಲು ಹೇಳದೆ ಉಳಿದದ್ದನ್ನು ಹೇಳಿದರೆ ಅದು ಪೊಳ್ಳು.

ನಾನು ಓದಿದ್ದು ಏಳನೆಯ ಇಯತ್ತೆ. ನಮ್ಮೂರು ಸಾಲಗುಂದ, ನಮ್ಮದು ಬಡಿಗೇರರ ಮನೆ. ಅಪ್ಪ ಕೂರಿಗೆ, ಕುಂಟೆ, ಬಾಗಿಲ ಚೌಕಟ್ಟು ಮಾಡುತ್ತಿದ್ದ. ಅವನ ಕಟ್ಟಳೆ ಒಂದಿತ್ತು. ಆಯುಧ ಪೂಜೆಯ ದಿನ ಮನೆಯೊಳಗಿನ ಯಾವ ಸಾಮಾನೂ ಪೂಜೆಯಿಂದ ಹೊರಗೆ ಉಳಿಯಬಾರದು. ಬಾಚಿ, ಉಳಿ, ಕರಗಸ ಅಷ್ಟೇ ಅಲ್ಲ, ಮೊಂಡಾದ ಮೊಳೆಯನ್ನೂ ತೊಳೆದು ದೇವರ ಮುಂದೆ ಇಡಬೇಕು. "ದುಡಿಯೋದು ಎಲ್ಲಾ ದೇವರು. ಕಣ್ಣಿಗೆ ಬೀಳಲಾರದಂಗ ದುಡಿಯೋದು ದೊಡ್ಡ ದೇವರು" ಅನ್ನುತ್ತಿದ್ದ. ಅವನು ತೀರಿಕೊಂಡ ಮೇಲೆ ಅವನ ಸಣ್ಣ ಉಳಿಯೊಂದನ್ನು ಕೆಂಪು ಅರಿವೆಯಲ್ಲಿ ಗಂಟು ಕಟ್ಟಿ ಇಟ್ಟುಕೊಂಡೆವು. ಆ ಗಂಟು ಬಿಚ್ಚುವುದು ವರ್ಷಕ್ಕೊಮ್ಮೆ, ಆಯುಧ ಪೂಜೆಯ ದಿನ ಮಾತ್ರ. ಈ ಕಟ್ಟಳೆಯನ್ನು ನೆನಪಿಟ್ಟುಕೊಳ್ಳಿ. ನನ್ನ ತಪ್ಪು ಇದರೊಳಗೇ ಅಡಗಿ ಕೂತಿತ್ತು.

ಎಂಬತ್ತರ ದಶಕದಲ್ಲಿ ನಾನು ಸಿಂಧನೂರಿಗೆ ಬಂದು ಖಾಸೀಂ ಸಾಬರ ಅಂಗಡಿ ಸೇರಿದೆ. ರೇಡಿಯೋ, ಟೇಪ್ ರೆಕಾರ್ಡರ್, ಆಮೇಲೆ ಟಿ.ವಿ. ಸಾಬರು ತೆಳ್ಳಗಿನ ಮನುಷ್ಯ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಕಲಿಸುತ್ತೇನೆಂದು ಕಲಿಸಿದವರಲ್ಲ. ಕೆಟ್ಟ ರೇಡಿಯೋ ಮುಂದಿಟ್ಟು, "ಇದು ಏನು ಹೇಳಾಕತ್ತೈತಿ ಕೇಳು. ಕೇಳಿಸಿದ ಮ್ಯಾಲೆ ಕೈ ಹಚ್ಚು" ಎಂದು ಚಹಾ ಕುಡಿಯಲು ಹೋಗುತ್ತಿದ್ದರು. ಕೆಲ ವರ್ಷಗಳ ಮೇಲೆ ಮಾನಪ್ಪನೂ ಬಂದು ಸೇರಿದ. ತೊಂಬತ್ತರ ದಶಕ ಬಂತು, ಅಕ್ಕಿ ಗಿರಣಿಯವರು, ಡಾಕ್ಟರರು, ವಕೀಲರು ಮನೆಗೆ ಕಂಪ್ಯೂಟರ್ ತರಿಸತೊಡಗಿದರು. ಕೆಟ್ಟಾಗ ಎಲ್ಲಿಗೆ ಒಯ್ಯಬೇಕು ಗೊತ್ತಿಲ್ಲದೆ ಟಿ.ವಿ. ಅಂಗಡಿಗೇ ತಂದರು. ಹಾಗೆ ನಾವು ಕಂಪ್ಯೂಟರಿನವರಾದೆವು.

ಎರಡು ಕಂಪ್ಯೂಟರನ್ನು ತಂತಿಯಿಂದ ಜೋಡಿಸಿದ್ದನ್ನು ನಾನು ಮೊದಲು ನೋಡಿದ್ದು ನಮ್ಮ ಅಂಗಡಿಯ ಅಟ್ಟದ ಮೇಲೆ. ಸಾಬರು ಹೈದರಾಬಾದಿನಿಂದ ಎರಡು ನೆಟ್‌ವರ್ಕ್ ಕಾರ್ಡ್ ತಂದಿದ್ದರು. ಅಂಗೈ ಅಗಲದ ಹಸಿರು ಹಲಗೆ, ಕೆಳಗೆ ಚಿನ್ನದ ಬಣ್ಣದ ಹಲ್ಲುಗಳು. ಒಂದೊಂದು ಪೆಟ್ಟಿಗೆಗೆ ಒಂದೊಂದು ಕೂರಿಸಿ, ನಡುವೆ ಟಿ.ವಿ. ಕೇಬಲ್ಲಿನಂಥ ಕರಿ ತಂತಿ ಎಳೆದೆವು. ಫ್ಲಾಪಿಯಿಂದ ಡ್ರೈವರ್ ಹಾಕುವುದಕ್ಕೇ ಅರ್ಧ ದಿನ ಹೋಯಿತು. ಆಮೇಲೆ ಸಾಬರು ಈ ಕಡೆಯ ಕಂಪ್ಯೂಟರಿನಲ್ಲಿ ತಮ್ಮ ಹೆಸರು ಹೊಡೆದು ಇಟ್ಟರು. ಆ ಕಡೆಯ ಪರದೆಯ ಮೇಲೆ ಮಾನಪ್ಪ ಅದನ್ನು ತೆರೆದ.

"ಬಂತು!" ಎಂದು ಕೂಗಿದ.

ಸಾಬರು ಎದ್ದು ಹೋಗಿ ನೋಡಿದರು. ತಂತಿಯನ್ನು ಬೆರಳಲ್ಲಿ ಹಿಡಿದರು. "ಇದರಾಗಿಂದ ಹೋತು ನನ್ನ ಹೆಸರು. ಬಿಸಿ ಇಲ್ಲ, ಸಪ್ಪಳ ಇಲ್ಲ. ಯಾ ಅಲ್ಲಾ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಆ ಕೆಲಸ ಬಿಡುವವರೆಗೂ ನನಗೆ ಆ ಬೆರಗು ಹೋಗಲಿಲ್ಲ. ನಿಮಗೆ ಈಗ ತಂತಿಯೂ ಬೇಕಾಗಿಲ್ಲ. ಆದರೂ ಒಂದು ಸಲ ಕೈ ನಿಲ್ಲಿಸಿ ಯೋಚಿಸಿ, ಏನು ಹೋಗುತ್ತಿದೆ, ಹೇಗೆ ಹೋಗುತ್ತಿದೆ ಎಂದು. ಬೆರಗು ಸತ್ತವನ ಕೈಯಲ್ಲಿ ಸ್ಕ್ರೂಡ್ರೈವರ್ ಬರೀ ಕಬ್ಬಿಣ.

ಆ ಕಾಲದ ಜೋಡಣೆಯನ್ನು ಸ್ವಲ್ಪ ಹೇಳುತ್ತೇನೆ. ಒಂದೇ ಕರಿ ತಂತಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸಾಲಾಗಿ ಹೋಗುತ್ತಿತ್ತು. ಪ್ರತಿ ಕಾರ್ಡಿನ ಬೆನ್ನಿಗೆ ಮೂರು ಬಾಯಿಯ ಒಂದು ಕೂಡಿಕೆ. ಒಂದು ಬಾಯಿ ಕಾರ್ಡಿಗೆ, ಎರಡು ಬಾಯಿ ಆಚೀಚೆಯ ತಂತಿಗೆ. ಸಾಲಿನ ಮೊದಲಿನಲ್ಲೂ ಕೊನೆಯಲ್ಲೂ ಒಂದೊಂದು ಬಾಯಿ ಖಾಲಿ ಉಳಿಯುತ್ತದಲ್ಲ, ಅವಕ್ಕೆ ಬೆರಳ ತುದಿಯಷ್ಟು ದೊಡ್ಡ ಒಂದು ಮುಚ್ಚಳ ತಿರುವಿ ಹಾಕಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ಟರ್ಮಿನೇಟರ್ ಅನ್ನುತ್ತಾರೆ. ನಮ್ಮ ಅಂಗಡಿಯಲ್ಲಿ ಅದಕ್ಕೆ ಬಿರಡೆ ಅನ್ನುತ್ತಿದ್ದೆವು.

ಮೊದಮೊದಲು ನನಗೆ ಅದು ಧೂಳು ಹೋಗದಿರಲಿ ಎಂದು ಹಾಕುವ ಮುಚ್ಚಳ ಅನಿಸಿತ್ತು. ಒಮ್ಮೆ ತೆಗೆದು ನೋಡಿದೆ. ಸಾಲಿನ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಮೂಕಾದವು. ತಂತಿ ಸರಿಯಿದೆ, ಕಾರ್ಡ್ ಸರಿಯಿದೆ, ಆದರೂ ಯಾವುದೂ ಯಾವುದನ್ನೂ ಕಾಣಲೊಲ್ಲದು. ಯಾಕೆ ಎಂದು ಸಾಬರನ್ನು ಕೇಳಿದರೆ ಅವರು ಮಾನಪ್ಪನ ಕಡೆ ನೋಡಿದರು. ಮಾನಪ್ಪ ಹೇಳಿದ:

"ಅಣ್ಣಾ, ಕಾಲುವಿ ಗೇಟ್ ಹಾಕಿದಾಗ ನೋಡಿಲ್ಲೇನು? ನೀರು ಬಂದು ಗೇಟಿಗೆ ಬಡದು ತಿರುಗಿ ಅಲಿಯಾಗಿ ಹಿಂದಕ್ಕ ಬರ್ತೈತಿ. ಮುಂದ ಬರೋ ನೀರಿಗೆ ಡಿಕ್ಕಿ ಹೊಡಿತೈತಿ. ಇದೂ ಹಂಗ. ಮಾತು ತುದಿಗೆ ಹೋಗಿ ತಿರುಗಿ ಬರ್ತೈತಿ. ಬಂದದ್ದು, ಹೊಂಟದ್ದು ಎರಡೂ ಕಲೆತು ರಾಡಿ ಆಗ್ತೈತಿ. ಬಿರಡಿ ಇದ್ರ ಅದು ಬಂದ ಮಾತನ್ನ ನುಂಗಿಬಿಡ್ತೈತಿ."

ನಾನು ಆ ಬಿರಡೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ. ಅದು ಯಾರಿಗೂ ಏನೂ ಹೇಳುವುದಿಲ್ಲ. ಅದರ ಮೇಲೆ ದೀಪವಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತು, ಬಂದದ್ದನ್ನು ನುಂಗುತ್ತದೆ. ಅದರಿಂದಲೇ ಉಳಿದವರೆಲ್ಲ ಮಾತಾಡುತ್ತಾರೆ. ಅಪ್ಪನ ಮಾತು ನೆನಪಾಯಿತು, ಕಣ್ಣಿಗೆ ಬೀಳಲಾರದಂಗ ದುಡಿಯೋದು ದೊಡ್ಡ ದೇವರು.

ಈಗ ಲಿಂಗಸುಗೂರಿನ ಡಾಕ್ಟರರ ಮನೆಯ ಕತೆ. ಅವರ ದವಾಖಾನೆ ಮನೆಯ ಮುಂದಿನ ಕೋಣೆ, ಕಂಪ್ಯೂಟರ್ ಅಲ್ಲೊಂದು, ಒಳಗೊಂದು. ಎರಡರ ನಡುವೆ ತಂತಿ. ಕೆಲವೊಮ್ಮೆ ನಡೆಯುತ್ತದೆ, ಕೆಲವೊಮ್ಮೆ ಒಳಗಿನ ಕಂಪ್ಯೂಟರ್ ಕಲ್ಲಾಗಿ ಕೂರುತ್ತದೆ. ನಾನು ಹೋಗಿ ಕಾರ್ಡ್ ಬದಲಿಸಿ ಬಂದೆ. ಮತ್ತೆ ಕರೆ ಬಂತು. ತಂತಿ ಬದಲಿಸಿದೆ. ಮತ್ತೆ ಕರೆ. ಸಿಂಧನೂರಿನಿಂದ ಲಿಂಗಸುಗೂರಿಗೆ ಮಸ್ಕಿ ಮೇಲೆ ಬಸ್ಸಿನಲ್ಲಿ ಹೋಗುವುದು, ಬರುವುದು. ಡಾಕ್ಟರರು, "ಏನ್ರಿ ಈರಣ್ಣಾ, ನಮ್ಮ ಪೇಷಂಟ್‌ಗಿಂತ ನೀವ ಜಾಸ್ತಿ ಬರಾಕತ್ತೀರಿ" ಎಂದು ನಕ್ಕರು. ನನಗೆ ನಾಚಿಕೆ.

ಆವತ್ತು ಅವರ ಹೆಂಡತಿ ಚಹಾ ತಂದಿಟ್ಟು, "ಇದು ಹಾಡು ಹಚ್ಚಿದಾಗಷ್ಟ ಹಟ ಮಾಡ್ತೈತ್ರಿ. ಸುಮ್ಮನಿದ್ದಾಗ ಚಲೋ ಇರ್ತೈತಿ" ಎಂದರು.

"ಇದನ್ನ ಮೊದಲ ಯಾಕ ಹೇಳಲಿಲ್ರಿ ಅಕ್ಕಾವ್ರ?"

"ನೀವು ಕೇಳಲಿಲ್ಲಲ್ರಿ, ಅದಕ್ಕ!"

ಕೇಳಿರಲಿಲ್ಲ, ನಿಜ. ಕಂಪ್ಯೂಟರಿನೊಳಗೆ ಒಂದೊಂದು ಕಾರ್ಡಿಗೂ ಒಂದೊಂದು ಕರೆಗಂಟೆಯ ನಂಬರು ಇರುತ್ತದೆ. ಕೆಲಸ ಬಂದಾಗ ಕಾರ್ಡು ಆ ಗಂಟೆ ಬಾರಿಸಿ ಯಜಮಾನ ಚಿಪ್ಪನ್ನು ಎಬ್ಬಿಸುತ್ತದೆ. ಹಾಡಿನ ಕಾರ್ಡಿನ ನಂಬರು ಐದು. ನಾನು ನೆಟ್‌ವರ್ಕ್ ಕಾರ್ಡಿಗೂ ಐದೇ ಇಟ್ಟಿದ್ದೆ. ಒಂದೇ ಗಂಟೆಯನ್ನು ಇಬ್ಬರು ಬಾರಿಸಿದರೆ ಯಜಮಾನ ಯಾರ ಬಾಗಿಲಿಗೆ ಹೋಗಬೇಕು? ಕಾರ್ಡಿನ ಮೇಲೆ ಜೋಳದ ಕಾಳಿನಷ್ಟು ಕರಿ ತುಣುಕೊಂದು ಇತ್ತು, ಅದಕ್ಕೆ ಜಂಪರ್ ಅನ್ನುತ್ತಿದ್ದರು. ಅದನ್ನು ಕಿತ್ತು ಪಕ್ಕದ ಎರಡು ಸೂಜಿಗಳ ಮೇಲೆ ಕೂರಿಸಿದೆ. ಅಷ್ಟೇ. ಹಾಡೂ ಬಂತು, ಜೋಡಣೆಯೂ ನಿಂತಿತು. ಕಾರ್ಡು ಕೆಟ್ಟಿರಲೇ ಇಲ್ಲ. ಅದಕ್ಕೇ ಹೇಳುತ್ತೇನೆ, ಪೆಟ್ಟಿಗೆ ಬಿಚ್ಚುವ ಮೊದಲು ಮನೆಯವರನ್ನು ಕೇಳಿ. ಯಾವಾಗ ಕೆಡುತ್ತದೆ, ಆಗ ಇನ್ನೇನು ನಡೆಯುತ್ತಿರುತ್ತದೆ. ದಿನವೂ ಅದರ ಜೊತೆ ಬಾಳುವವರು ಅವರು.

ಸಿಂಧನೂರಿನ ಗಿರಣಿ ಬದಿಯ ಮನೆಗಳದ್ದು ಬೇರೆ ಗೋಳು. ತೌಡಿನ ಧೂಳು ಎಣ್ಣೆ ಎಣ್ಣೆ. ಬರೀ ಊದಿದರೆ ಹೋಗುವುದಿಲ್ಲ. ಕಾರ್ಡಿನ ಚಿನ್ನದ ಹಲ್ಲಿನ ಮೇಲೆ ಪದರಾಗಿ ಕೂತು, ಕಾರ್ಡು ಇದ್ದೂ ಇಲ್ಲದಂತೆ ಮಾಡುತ್ತಿತ್ತು. ಶಾಲೆ ಮಕ್ಕಳ ರಬ್ಬರಿನಿಂದ ಹಲ್ಲು ತಿಕ್ಕಿ, ಸ್ಪಿರಿಟ್ಟಿನಲ್ಲಿ ಒರೆಸಿ ಕೂರಿಸಿದರೆ ಅರ್ಧ ರೋಗ ವಾಸಿ. ಒಂದು ಮನೆಯಲ್ಲಿ ಕಂಪ್ಯೂಟರಿನೊಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು, ನೆಟ್‌ವರ್ಕ್ ಕಾರ್ಡಿನ ಕೆಳಗೇ, ಬೆಚ್ಚಗಿರುತ್ತದೆಂದು. ಮನೆಯ ಅಜ್ಜಿ ಮೊಟ್ಟೆ ತೆಗೆಯಲು ಬಿಡಲಿಲ್ಲ. "ಮರಿ ಆದ ಮ್ಯಾಲೆ ಬಾರೋ ತಮ್ಮಾ. ನಿನ್ನ ಪೆಟಗಿ ಎಲ್ಲೂ ಓಡಿ ಹೋಗಂಗಿಲ್ಲ" ಎಂದಳು. ಮರಿಗಳು ಹೋದ ಮೇಲೆ ಹೋಗಿ ರಿಪೇರಿ ಮಾಡಿದೆ. ಅಲ್ಲಿಯವರೆಗೆ ಮನೆಯವರು ಫ್ಲಾಪಿ ಹಿಡಿದು ಒಳಗೆ ಹೊರಗೆ ಓಡಾಡಿದರು. ಇನ್ನೊಂದು ಕಡೆ ಹಳೆ ಮನೆಗೂ ಹೊಸ ಮನೆಗೂ ಬೇರೆ ಬೇರೆ ಕರೆಂಟಿನ ಕಂಬ. ತಂತಿ ಜೋಡಿಸಲು ಹಿಡಿದರೆ ಕೈ ಜುಮ್ ಎಂದು ಹಾರಿ ಗೋಡೆಗೆ ಬಡಿಯಿತು. ಭೂಮಿಗೆ ಇಳಿಸಿದ ತಂತಿ ಎರಡು ಕಡೆ ಎರಡು ಥರ ಇದ್ದರೆ ನಡುವಿನ ಕೇಬಲ್ಲಿನಲ್ಲಿ ಕರೆಂಟು ಹರಿಯುತ್ತದೆ ಎಂದು ಪುಸ್ತಕದಿಂದಲ್ಲ, ಮೊಣಕೈಯಿಂದ ಕಲಿತೆ.

ಇನ್ನು ಮಸ್ಕಿ.

ಮಸ್ಕಿಯಲ್ಲಿ ದವಸದ ದಲ್ಲಾಳಿ ನಡೆಸುವ ಅಡತಿ ಸಾಹುಕಾರರೊಬ್ಬರ ಮನೆ ದೊಡ್ಡದು. ಮುಂದೆ ಅಂಗಡಿ, ನಡುಮನೆಯಲ್ಲಿ ಸೊಸೆ ಲೆಕ್ಕ ನೋಡುವ ಜಾಗ, ಮಾಳಿಗೆಯ ಮೇಲೆ ಅವರ ತಮ್ಮನ ಕೋಣೆ. ಮೂರು ಕಡೆ ಮೂರು ಕಂಪ್ಯೂಟರ್. ಆ ಕೆಲಸವನ್ನು ಸಾಬರು ಪೂರಾ ಮಾನಪ್ಪನಿಗೇ ಬಿಟ್ಟರು. ಅವನು ತಾನೇ ಮುಂದಾಗಿ ಮಾಡಿದ ಮೊದಲ ಜೋಡಣೆ ಅದು. ತಂತಿ ಎಲ್ಲೂ ಕಾಣದ ಹಾಗೆ ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಎಳೆದಿದ್ದ. ಬಡಿಗೇರನ ಕೈ. ತಿರುವಿನಲ್ಲಿ ತಂತಿ ಮುರುಟದ ಹಾಗೆ ಕಟ್ಟಿಗೆಯ ದುಂಡನೆಯ ತುಣುಕು ಕೆತ್ತಿ ಇಟ್ಟಿದ್ದ. ನಾನು ನೋಡಿ ಬೆರಗಾದೆ. ಬೆರಗಿನ ಜೊತೆ ಒಂದು ಚೂರು ಉರಿಯೂ ಇತ್ತು, ಅದನ್ನೂ ಬರೆದುಬಿಡುತ್ತೇನೆ. ಅಣ್ಣ ನಾನು, ನನಗೆ ಆ ಕೈ ಇರಲಿಲ್ಲ.

ಸಾಹುಕಾರರಿಗೂ ಅದು ಹೆಮ್ಮೆಯಾಗಿತ್ತು. ದಸರೆಯ ಮರುದಿನ ಬೀಗರು ಬರುವವರಿದ್ದರು. ಅಂಗಡಿಯಲ್ಲಿ ಬರೆದದ್ದು ಮಾಳಿಗೆಯ ಮೇಲೆ ಕಾಣುವುದನ್ನು ಅವರಿಗೆ ತೋರಿಸಬೇಕೆಂದು ಅವರ ಆಸೆ. ಆಯುಧ ಪೂಜೆಗೆ ಕಂಪ್ಯೂಟರನ್ನೂ ಪೂಜೆ ಮಾಡಬೇಕು, ಒಳಗೆಲ್ಲ ಒರೆಸಿಕೊಡಲು ಯಾರನ್ನಾದರೂ ಕಳಿಸಿ ಎಂದು ಸಾಬರಿಗೆ ಹೇಳಿ ಕಳಿಸಿದರು. ಮಾನಪ್ಪ ಅಂಗಡಿಯ ಪೂಜೆಗೆ ಉಳಿದ. ಸಾಬರು ಮುಸಲ್ಮಾನರಾದರೂ ಆ ದಿನ ಅಂಗಡಿಯ ಸಾಮಾನಿಗೆ ಹೂವು ಅವರೇ ತರುತ್ತಿದ್ದರು. ಉಳಿಯ ಪೂಜೆ ಆ ಸಲ ಅಲ್ಲೇ ಆಗಲಿ ಎಂದು ನಾನು ಅಪ್ಪನ ಕೆಂಪು ಗಂಟು ಹಿಡಿದು ಮಸ್ಕಿ ಬಸ್ ಹತ್ತಿದೆ.

ಮೂರೂ ಪೆಟ್ಟಿಗೆ ಬಿಚ್ಚಿ ಧೂಳು ತೆಗೆದೆ. ಕಾರ್ಡಿನ ಹಲ್ಲು ತಿಕ್ಕಿದೆ. ನಡುಮನೆಯಲ್ಲಿ ದೊಡ್ಡ ಹರಿವಾಣದಲ್ಲಿ ತಕ್ಕಡಿಯ ತೂಕದ ಕಲ್ಲು, ಚೀಲ ಹೊಲಿಯುವ ದಬ್ಬಣ, ನನ್ನ ಸ್ಕ್ರೂಡ್ರೈವರ್, ಇಕ್ಕಳ, ಅಪ್ಪನ ಉಳಿ ಇಟ್ಟರು. ಆಗ ನನಗೆ ಮಾಳಿಗೆಯ ಮೇಲಿನ ಬಿರಡೆ ನೆನಪಾಯಿತು. ಸಾಲಿನ ಕೊನೆಯ ತುದಿ ಅದು. ದುಡಿಯುವುದೆಲ್ಲ ಹರಿವಾಣದಲ್ಲಿ ಬಂದಿದೆ, ಎಲ್ಲರಿಗಿಂತ ಸುಮ್ಮನೆ ದುಡಿಯುವುದು ಮಾತ್ರ ಗೋಡೆಯ ಕಡೆ ಮುಖ ಮಾಡಿ ಕೂತಿದೆ. ಮನಸ್ಸು ತಡೆಯಲಿಲ್ಲ. ಹತ್ತಿ ಹೋಗಿ ಅದನ್ನು ತಿರುವಿ ತೆಗೆದು, ಒರೆಸಿ, ತಂದು ಉಳಿಯ ಪಕ್ಕದಲ್ಲಿಟ್ಟೆ. ಸಾಹುಕಾರರ ತಾಯಿ ಎಲ್ಲಕ್ಕೂ ವಿಭೂತಿ, ಅರಿಷಿಣ, ಕುಂಕುಮ ಹಚ್ಚಿದರು. ಅದೇನೆಂದು ತಿಳಿಯದೆಯೇ ಆ ಪುಟ್ಟ ಬಿರಡೆಗೂ ಹಚ್ಚಿದರು. ಕೈ ಮುಗಿದೆ. ನನ್ನ ಬದುಕಿನಲ್ಲಿ ಅಷ್ಟು ಭಕ್ತಿಯಿಂದ ಕೈ ಮುಗಿದದ್ದು ಕಡಿಮೆ.

ಆಮೇಲೆ ಹೋಳಿಗೆ ಊಟ. ಬಸ್ಸಿಗೆ ಹೊತ್ತಾಗುತ್ತದೆಂದು ಅವಸರ. ಕಾಯಿ ಹೋಳು, ಹೂವು, ಬಾಳೆಹಣ್ಣು ಹಾಕಿದ ಚೀಲ ಕೊಟ್ಟರು. ಆ ತಾಯಿಯೇ ಉಳಿಯನ್ನು ಹೂವಿನ ಸಮೇತ ಕೆಂಪು ಅರಿವೆಯಲ್ಲಿ ಸುತ್ತಿ ಗಂಟು ಹಾಕಿ ನನ್ನ ಕೈಗಿತ್ತರು. "ಆಯುಧ ಇವತ್ತು ಮುಟ್ಟಬಾರದಪ್ಪ, ಹಂಗ ಒಯ್ಯಿ" ಎಂದರು. ಒಯ್ದೆ.

ದಸರೆಯ ಮರುದಿನ ಬೀಗರ ಮುಂದೆ ಕಂಪ್ಯೂಟರ್ ಹಚ್ಚಿದರು. ಮೂರೂ ಹತ್ತಿದವು. ಒಂದಕ್ಕೊಂದು ಕಾಣಲಿಲ್ಲ. ಸುದ್ದಿ ಬಂದ ಕೂಡಲೇ ಮಾನಪ್ಪ ಓಡಿದ. ಸಾಹುಕಾರರ ಅಂಗಡಿಯಲ್ಲಿದ್ದ ತಂತಿಯ ಮೊದಲ ತುದಿಗೆ ಮೀಟರ್ ಇಟ್ಟ. ಎರಡೂ ತುದಿಯಲ್ಲಿ ಬಿರಡೆ ಇದ್ದರೆ ಮೀಟರು ಇಪ್ಪತ್ತೈದು ಓಮ್ ತೋರಿಸಬೇಕು, ಐವತ್ತು ತೋರಿಸಿದರೆ ಒಂದು ಇಲ್ಲ ಎಂದರ್ಥ. ಕೂತಲ್ಲೇ ತಂತಿಯ ಆ ತುದಿಯ ಸುದ್ದಿ ತಿಳಿಯುವ ಉಪಾಯ ಅದು, ಎಷ್ಟು ಸಲ ಮಾಡಿದರೂ ನನಗೆ ಸೋಜಿಗವೇ. ಐವತ್ತು ತೋರಿಸಿತು. ಮಾಳಿಗೆ ಹತ್ತಿ ನೋಡಿ ಬಂದು, "ತುದಿ ಬಿರಡಿ ಇಲ್ರಿ ಸಾಹುಕಾರ್ರ" ಎಂದ.

ಅವನ ಚೀಲದಲ್ಲಿ ಹೆಚ್ಚಿನ ಬಿರಡೆ ಇರಲಿಲ್ಲ. ನಮ್ಮಲ್ಲಿ ಅವು ಸುಲಭಕ್ಕೆ ಸಿಗುತ್ತಿರಲಿಲ್ಲ. ಕೆಲ ದಿನಗಳ ಹಿಂದೆ ಲಿಂಗಸುಗೂರಿನ ಡಾಕ್ಟರರ ಮನೆಯ ಬಿರಡೆ ಕೆಟ್ಟಾಗ ಮಾನಪ್ಪ ಇದೇ ಸಾಹುಕಾರರ ಮನೆಯದನ್ನು ಒಂದು ದಿನದ ಮಟ್ಟಿಗೆ ಕೇಳಿ ಒಯ್ದು, ಮರಳಿ ತಂದು ಹಾಕಿದ್ದ. ದಸರೆಯ ದಿನ ಬನ್ನಿ ಕೊಡಲು ಆ ಮನೆಗೆ ಹೋಗಿಯೂ ಬಂದಿದ್ದ. ಅದೆಲ್ಲ ಈಗ ಅವನಿಗೇ ತಿರುಗಿತು. ಬೀಗರೆಲ್ಲ ಕೂತಿದ್ದಾಗ ಸಾಹುಕಾರರು ಅಂದರಂತೆ:

"ಆವತ್ತು ಕೇಳಿ ಒಯ್ದಿ. ಈ ಸಲ ಕೇಳದ ಒಯ್ದೀಯೇನಲೇ? ನಮ್ಮ ಮನ್ಯಾಗ ಅದು ಎಲ್ಲಿರ್ತೈತಿ ಅಂತ ನಿನ್ನ ಬಿಟ್ರ ಯಾರಿಗೆ ಗೊತ್ತು? ಕೆಲಸಕ್ಕ ಅಂತ ಒಳಗ ಬಿಟ್ಕೊಂಡ್ರ ಹಿಂಗೇನು?"

ಬೀಗರಲ್ಲಿ ಒಬ್ಬರು, "ಮುಂದಿನ ಸಲ ಇವ ಬಂದಾಗ ತಾಟು ಲೋಟ ಎಣಿಸಿ ಇಡ್ರಿ" ಎಂದು ನಕ್ಕರಂತೆ.

ಮಾನಪ್ಪ ಅಂಗಡಿಗೆ ಬಂದಾಗ ಮುಖ ಕಪ್ಪಿಟ್ಟಿತ್ತು. ನನ್ನನ್ನು ಒಂದೇ ಕೇಳಿದ. "ಅಣ್ಣಾ, ಹಬ್ಬದ ದಿನ ನೀ ಏನರ ಬಿರಡಿ ತೆಗದಿದ್ದೇನು?"

ಪೂಜೆಗೆ ಇಟ್ಟದ್ದು ನೆನಪಿತ್ತು. ಮರಳಿ ಹಾಕಿದ್ದು ನೆನಪಿರಲಿಲ್ಲ. ಹಾಕಿರಬೇಕು ಅನಿಸಿತು, ಹಾಕಿಲ್ಲ ಅನಿಸಿತು. ಸಾಬರು ಕಿವಿಯ ಪೆನ್ಸಿಲ್ ಕೈಗೆ ತೆಗೆದುಕೊಂಡು ನನ್ನನ್ನೇ ನೋಡುತ್ತಿದ್ದರು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ನಾನು ಹೇಳಿದೆ:

"ತೆಗದಿದ್ದೆ. ಒರಸಿ, ತಿರುಗಿ ಹಾಕೀನಿ."

"ಖಾತ್ರಿ ಐತೇನು ಈರಣ್ಣ?" ಸಾಬರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಾನಪ್ಪ ಉತ್ತರ ಕೊಟ್ಟ. "ಅಣ್ಣ ಹಾಕೀನಿ ಅಂದ್ರ ಹಾಕ್ಯಾನ್ರಿ. ಅವ ಸುಳ್ಳು ಹೇಳಂಗಿಲ್ಲ."

ತನ್ನ ಕುತ್ತಿಗೆಯ ಹಗ್ಗದ ಗಂಟನ್ನು ನನ್ನ ಮೇಲಿನ ನಂಬಿಕೆಯಿಂದ ಅವನೇ ಬಿಗಿದುಕೊಂಡ. ನಾನು ಹಾಕಿದ್ದು ನಿಜವಾದರೆ ಆಮೇಲೆ ಅದನ್ನು ತೆಗೆದವರು ಯಾರು? ಸಾಬರು ಅವನನ್ನು ಬೈಯಲಿಲ್ಲ, ಕೆಲಸದಿಂದ ತೆಗೆದೂ ಹಾಕಲಿಲ್ಲ. "ಬೇಟಾ, ಮಂದಿ ಮನಿಯೊಳಗ ಹೋಗೋ ಕೆಲಸ ನಮ್ದು. ಸ್ವಲ್ಪ ದಿನ ಅಂಗಡ್ಯಾಗ ಇರು. ಮನಿಗಳಿಗೆ ಈರಣ್ಣ ಹೋಗಲಿ" ಎಂದರು ಅಷ್ಟೇ. ಮಾನಪ್ಪ ಕೆಲ ದಿನ ಅಂಗಡಿಯಲ್ಲಿ ಟಿ.ವಿ. ಬಿಚ್ಚುತ್ತ ಕೂತ. ಸುದ್ದಿ ಬಸ್ಸಿನ ಜೊತೆಗೇ ಓಡಾಡುತ್ತದೆ. ಸಿಂಧನೂರು ಒಂದು ತುದಿ, ಲಿಂಗಸುಗೂರು ಒಂದು ತುದಿ, ಮಸ್ಕಿ ನಡುವಿನ ಕೂಡಿಕೆ. ಮೂರೂ ಊರು ಒಂದೇ ರಸ್ತೆಯ ಮೇಲೆ. ಅಂಗಡಿಗೆ ಬಂದ ಲಿಂಗಸುಗೂರಿನ ಗಿರಾಕಿಯೊಬ್ಬ, "ಬಿರಡಿ ಮಾನಪ್ಪ ಅಂದ್ರ ನೀನೇನು?" ಎಂದು ಕೇಳಿದ. ಆವತ್ತೇ ಅವನು ಸ್ಕ್ರೂಡ್ರೈವರ್ ಒರೆಸಿ ಮೇಜಿನ ಮೇಲಿಟ್ಟು ಎದ್ದ. ದಢೇಸುಗೂರಿನಲ್ಲಿ ಹೆಂಡತಿಯ ತವರಿನವರ ಜಾಗದಲ್ಲಿ ಶೆಡ್ ಹಾಕಿ ಅಪ್ಪನ ಕಸುಬಿಗೆ ಮರಳಿದ. ಬಾಗಿಲು, ಕಿಟಕಿ, ಮಂಚ. ಕಂಪ್ಯೂಟರಿನ ಹೆಸರು ಮತ್ತೆ ಎತ್ತಲಿಲ್ಲ.

ಮುಂದಿನ ವರ್ಷದ ಆಯುಧ ಪೂಜೆಗೆ ನಾನು ಮನೆಯಲ್ಲಿ ಅಪ್ಪನ ಗಂಟು ಬಿಚ್ಚಿದೆ. ಒಣಗಿದ ಸೇವಂತಿಗೆ ಎಸಳುಗಳ ನಡುವೆ, ಉಳಿಗೆ ಒರಗಿಕೊಂಡು ಬಿರಡೆ ಕೂತಿತ್ತು. ಅರಿಷಿಣ ಹಾಗೇ ಇತ್ತು. ಆ ತಾಯಿ ಹರಿವಾಣದಿಂದ ಹೂವಿನ ಸಮೇತ ಬಾಚಿ ಗಂಟು ಕಟ್ಟಿದಾಗ ಅದೂ ಬಂದಿತ್ತು. ಯಾರೂ ಕದ್ದಿರಲಿಲ್ಲ.

ಆ ದಿನವೇ ದಢೇಸುಗೂರಿಗೆ ಹೋಗಬೇಕಾಗಿತ್ತು. ಮಸ್ಕಿಗೆ ಹೋಗಬೇಕಾಗಿತ್ತು. ಸಾಬರ ಮುಂದೆ ಹೋಗಿ ನಿಲ್ಲಬೇಕಾಗಿತ್ತು. ಹೋಗಲಿಲ್ಲ. ಅಷ್ಟು ಹೊತ್ತಿಗೆ ಮೂರೂ ಊರಲ್ಲಿ ಜನ ಈರಣ್ಣನನ್ನೇ ಕಳಿಸಿ ಅನ್ನುತ್ತಿದ್ದರು. ಬಿರಡೆಯನ್ನು ಬಿಸಾಡಲೂ ಕೈ ಬರಲಿಲ್ಲ, ಪೂಜೆಯಾದ ಸಾಮಾನು ಅದು. ಮತ್ತೆ ಉಳಿಯ ಜೊತೆಗೇ ಇಟ್ಟು ಗಂಟು ಹಾಕಿದೆ. ಪ್ರತಿ ವರ್ಷ ಬಿಚ್ಚಿದೆ, ಅರಿಷಿಣ ಹಚ್ಚಿದೆ, ಕಟ್ಟಿದೆ.

ಕೆಲಸದ ರೀತಿ ಬದಲಾಯಿತು. ನೀಲಿ ತಂತಿ ಬಂತು, ನಡುವೆ ಒಂದು ಪೆಟ್ಟಿಗೆ, ಒಬ್ಬೊಬ್ಬರಿಗೂ ಬೇರೆ ಬೇರೆ ತಂತಿ. ಒಬ್ಬರದು ಕಿತ್ತರೆ ಉಳಿದವರಿಗೆ ಏನೂ ಆಗುವುದಿಲ್ಲ. ಕಾರ್ಡಿನ ಬೆನ್ನಿಗೆ ಹಸಿರು ದೀಪ ಬಂತು. ಜೋಡಣೆ ಇದ್ದರೆ ಹತ್ತುತ್ತದೆ, ಇಲ್ಲದಿದ್ದರೆ ಇಲ್ಲ. ಆ ದೀಪ ಮೊದಲ ಸಲ ಹತ್ತಿದಾಗ ನಾನು ನೆಲದ ಮೇಲೆ ಮಲಗಿ ಅದನ್ನೇ ನೋಡಿದೆ. ನಿಜವನ್ನು ತಾನಾಗಿ ಹೇಳುವ ಕಾರ್ಡು! ಜಂಪರ್ ಹೋಯಿತು, ಕಾರ್ಡುಗಳೇ ತಮ್ಮ ಗಂಟೆಯ ನಂಬರನ್ನು ತಾವು ಹಂಚಿಕೊಳ್ಳತೊಡಗಿದವು.

ಮಸ್ಕಿಯ ಸಾಹುಕಾರರ ಮನೆಗೆ ನೀಲಿ ತಂತಿ ಹಾಕಲು ನಾನೇ ಹೋದೆ. ಚೌಕಟ್ಟಿನ ಸಂದಿಯಿಂದ ಮಾನಪ್ಪನ ಕರಿ ತಂತಿ ಎಳೆದು ತೆಗೆದೆ. ತಿರುವಿನಲ್ಲಿ ಅವನು ಕೆತ್ತಿಟ್ಟ ಕಟ್ಟಿಗೆಯ ತುಣುಕು ಹಾಗೇ ಇತ್ತು, ತಂತಿಯೂ ಎಲ್ಲೂ ಮುರುಟಿರಲಿಲ್ಲ. ಸಾಹುಕಾರರಿಗೆ ವಯಸ್ಸಾಗಿತ್ತು. "ನಿನ್ನ ತಮ್ಮನ ಕೈ ಚಲೋ ಇತ್ತೋ ಈರಣ್ಣ. ಬುದ್ಧಿ ಒಂದು ಹಂಗಾತು" ಎಂದರು. ದೇವರು ನನ್ನ ಮುಂದೆ ಬಾಗಿಲು ತೆರೆದಿಟ್ಟು ನಿಂತ ಗಳಿಗೆ ಅದು. ನಾನು, "ಹೌದ್ರಿ" ಎಂದೆ. ಆ ಎರಡಕ್ಷರ ಮೊದಲಿನ ಸುಳ್ಳಿಗಿಂತ ಕೆಟ್ಟದ್ದು.

ಖಾಸೀಂ ಸಾಬರು ತೀರಿಕೊಂಡರು, ಅವರಿಗೂ ಹೇಳಲಿಲ್ಲ. ಆ ಸಾಹುಕಾರರೂ ಈಗಿಲ್ಲ.

ಹೊಸಬರಿಗೆ ನಾನು ಹೇಳುವುದು ಇಷ್ಟು. ಕಾರ್ಡು ಸುಟ್ಟರೆ ಬೇರೆ ಕಾರ್ಡು ಸಿಗುತ್ತದೆ. ನೀವು ಮಂದಿಯ ಮನೆಯೊಳಗೆ, ದೇವರ ಕೋಣೆಯ ಪಕ್ಕ, ಹೆಣ್ಣುಮಕ್ಕಳು ಓಡಾಡುವ ಜಾಗದಲ್ಲಿ ಮೊಣಕಾಲೂರಿ ಕೂತು ಕೆಲಸ ಮಾಡುವವರು. ನಿಮ್ಮ ಜೊತೆಗಾರನ ಹೆಸರಿಗೆ ಧಕ್ಕೆ ಬಂದಾಗ ನಿಮಗೆ ನೆನಪಿಲ್ಲದಿದ್ದರೆ, "ನೆನಪಿಲ್ಲ" ಎಂದು ಹೇಳಿ. ಆ ಒಂದು ಮಾತು ಸಾಕಾಗಿತ್ತು.

ಈ ಸಲ ದಸರೆ ಮುಂಚೆ ನಾನು ಅಂಗಡಿ ಕೆಲಸ ಬಿಟ್ಟೆ. ಸುದ್ದಿ ತಿಳಿದು ಮಾನಪ್ಪ ಫೋನ್ ಮಾಡಿದ.

"ಅಣ್ಣಾ, ನಿನ್ನ ದುಡಿಮಿ ಮುಗೀತಲ್ಲ. ಅಪ್ಪನ ಉಳಿ ಇನ್ನ ನನ್ನ ಶೆಡ್ಡಿನ್ಯಾಗ ಇರಲಿ. ಇಲ್ಲಿ ಕಟಿಗಿ ವಾಸನಿ ಅದರ ಮೂಗಿಗೆ ಬಡೀಲಿ. ಹಬ್ಬಕ್ಕ ತಗೊಂಡು ಬಾ. ನಿನ್ನ ಕಡೆ ಇದ್ದು ಅದು ಟಿ.ವಿ. ನೋಡಿ ಸೋಮಾರಿ ಆಗೈತಿ" ಎಂದು ನಕ್ಕ.

ಬಿರಡೆಯನ್ನು ತೆಗೆದಿಟ್ಟು ಬರೀ ಉಳಿ ಒಯ್ಯಬಹುದಾಗಿತ್ತು. ಗಂಟಿನ ಮೇಲೆ ಕೈ ಇಟ್ಟೆ, ಬಿಚ್ಚಲಿಲ್ಲ.

ದಢೇಸುಗೂರಿಗೆ ಹೋದಾಗ ಕಾಲುವೆ ತುಂಬಿ ಹರಿಯುತ್ತಿತ್ತು, ಗದ್ದೆ ಹಸಿರಾಗಿತ್ತು. ಶೆಡ್ಡಿನಲ್ಲಿ ಅವನ ಕೆಲಸಗಾರರು, ಹೆಂಡತಿ, ಬೀಗರು, ಓಣಿಯವರು ಸೇರಿದ್ದರು. ಕರಗಸ, ರಂಧ್ರ ಕೊರೆಯುವ ಮಷಿನ್, ಎಲ್ಲಕ್ಕೂ ಹೂವು. ಮಾನಪ್ಪನ ಮೀಸೆ ಬೆಳ್ಳಗಾಗಿದೆ. ಗಂಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಹಣೆಗೊತ್ತಿಕೊಂಡ. ಬಿಚ್ಚಲು ಕೂತ. ಅವನ ಹೆಸರು ಹೋದದ್ದು ಬೀಗರ ಮುಂದೆ, ಇಲ್ಲೂ ಬೀಗರಿದ್ದರು.

"ಮಾನ್ಯಾ, ತಡಿ, ಬಿಚ್ಚಬ್ಯಾಡ" ಎಂದೆ.

"ಯಾಕೋ ಅಣ್ಣಾ, ಒಳಗೇನು ಹಾವು ಇಟ್ಟೀಯೇನು?"

ಎಲ್ಲರೂ ನಕ್ಕರು. ನಾನು ಎದ್ದು ನಿಂತೆ. ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ ಹೇಳಿದೆ:

"ಅದರಾಗ ಮಸ್ಕಿ ಸಾಹುಕಾರ್ರ ಮನಿ ಬಿರಡಿ ಐತಿ. ನೀ ತಗೊಂಡಿದ್ದಿಲ್ಲ. ಪೂಜಾಕ್ಕಂತ ತೆಗದಾವ ನಾನು, ತಿರುಗಿ ಹಾಕದ ಬಂದಾವ ನಾನು. ನೆನಪಿದ್ದಿಲ್ಲ, ಆದ್ರೂ ಹಾಕೀನಿ ಅಂದೆ. ನೀ ನನ್ನ ನಂಬಿದಿ. ಮರುವರ್ಷ ಈ ಗಂಟಿನ್ಯಾಗ ಸಿಕ್ತು, ಆವಾಗೂ ಬಾಯಿ ಮುಚ್ಕೊಂಡು ಕುಂತೆ. ಇಲ್ಲಿ ಇರೋರೆಲ್ಲಾ ಕೇಳ್ರಿ, ನನ್ನ ತಮ್ಮ ಯಾರ ಮನ್ಯಾಗೂ ಒಂದು ಕಡ್ಡಿ ಮುಟ್ಟಿದಾವಲ್ಲ. ತಪ್ಪು ನಂದು. ಮಾನಪ್ಪ, ತಪ್ಪಾತಪ್ಪ ನನ್ನಿಂದ, ದೊಡ್ಡ ತಪ್ಪಾತು."